ಸಾಧ್ಯವಾದ ಸಂಕಲ್ಪ: ದೇಹಾರೋಗ್ಯವನ್ನೂ ಮಿತವ್ಯಯವನ್ನೂ ಕುರಿತು ಕೆಲವು ಮಾತುಗಳು

ಸಂಕಲ್ಪವನ್ನು ಮಾಡದ ಮನುಷ್ಯರು ಲೋಕದಲ್ಲಿ ವಿರಳ. ಯುಗಾದಿಯ ದಿನದಲ್ಲಾಗಲಿ, ಹೊಸ ವರ್ಷದ ಮೊದಲನೆಯ ದಿನದಲ್ಲಾಗಲಿ, ಬೇಸಗೆಯ ರಜೆಯು ಮುಗಿದು ಶಾಲೆಯು ಪುನಃ ಪ್ರಾರಂಭವಾಗುವ ದಿನದಲ್ಲಾಗಲಿ ನಾವೆಲ್ಲರೂ ಒಂದಲ್ಲ ಒಂದು ಸಂಕಲ್ಪವನ್ನು ಕೈಕೊಳ್ಳುತ್ತೇವೆ. “ಇಂದಿನಿಂದ ದಿನವೂ ಕೋಳಿ ಕೂಗುವ ಹೊತ್ತಿಗೆ ಎದ್ದು ಒಂದು ಗಂಟೆಯ ಕಾಲ ವ್ಯಾಯಾಮ ಮಾಡುವೆನು” ಎಂದು ಒಬ್ಬಳು ನಿಶ್ಚಯಿಸುತ್ತಾಳೆ. “ಇಂದಿನಿಂದ ಒಂದು ಕಾಸನ್ನೂ ವ್ಯರ್ಥವಾಗಿ ಖರ್ಚುಮಾಡೆನು” ಎಂದು ಮತ್ತೊಬ್ಬಳು ಹೇಳಿಕೊಳ್ಳುತ್ತಾಳೆ. ಹದಿನೈದು ದಿವಸಗಳು ಕಳೆಯುವುದರೊಳಗಾಗಿ ವ್ಯಾಯಾಮವು ನಿಂತಿರುತ್ತದೆ. ಕಾಸು ಎಂದಿನಂತೆಯೇ ಕರಗಿಹೋಗಿರುತ್ತದೆ. ಇಂಥವರನ್ನು ನಮ್ಮ ಹಿರಿಯರು ಆರಂಭಶೂರರೆಂದು ಕರೆದರು.

ಈ ವೈಫಲ್ಯಕ್ಕೆ ಮನೋದಾರ್ಢ್ಯದ ಅಭಾವವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಅದು ಪೂರ್ಣವಾದ ಸತ್ಯವಲ್ಲ. ಅಳತೆಯನ್ನು ತೆಗೆದುಕೊಳ್ಳದೆ ಕತ್ತರಿಸಿದ ರವಿಕೆಯು ಮೈಗೆ ಹಿಡಿಸದಿದ್ದರೆ ತಪ್ಪು ಮೈಯದಲ್ಲ, ಕತ್ತರಿಸಿದವರದು; ಇದನ್ನು ಹೊಲಿಗೆಯನ್ನು ಕಲಿಯುವ ಯಾವ ವಿದ್ಯಾರ್ಥಿನಿಯಾದರೂ ಬಲ್ಲಳು. ಸಂಕಲ್ಪಗಳ ವಿಷಯವೂ ಹಾಗೆಯೇ. ತನ್ನ ದಿನಚರಿ ಎಷ್ಟು ವಿಸ್ತಾರವುಳ್ಳದ್ದು, ತನ್ನ ಕೈಗೆ ಬರುವ ಹಣವೆಷ್ಟು, ತನ್ನ ಶರೀರದ ಬಲವೆಷ್ಟು ಎಂಬುದನ್ನು ಅಳೆಯದೆ ಮಾಡಿಕೊಂಡ ಗುರಿಯು ಬಹುಮಟ್ಟಿಗೆ ಮುರಿದೇ ಹೋಗುತ್ತದೆ. ಹಾಗೆ ಮುರಿದಾಗ ನಾವು ಗುರಿಯನ್ನು ತಿದ್ದಿಕೊಳ್ಳುವ ಬದಲಾಗಿ “ನನ್ನಿಂದ ಯಾವುದೂ ಆಗದು” ಎಂದು ನಮ್ಮನ್ನೇ ಹಳಿದುಕೊಳ್ಳುತ್ತೇವೆ. ಸಾಧಿಸಬಲ್ಲ ಗುರಿಯನ್ನು ಕತ್ತರಿಸುವ ವಿಧಾನವೊಂದಿದೆಯೆಂದೂ ಅದನ್ನು ಕಲಿಯಬಹುದೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ದೇಹಾರೋಗ್ಯ, ಹಣ ಎಂಬ ಎರಡು ವಿಷಯಗಳನ್ನು ಒಟ್ಟಿಗೆ ತೆಗೆದುಕೊಂಡಿರುವುದಕ್ಕೆ ಕಾರಣವಿದೆ. ನಮ್ಮ ಲಷ್ಕರ್ ಮೊಹಲ್ಲದಂತಹ ಬಡಾವಣೆಯಲ್ಲಿ, ದಿನಗೂಲಿಯಿಂದಲೂ ಚಿಕ್ಕ ವ್ಯಾಪಾರದಿಂದಲೂ ಜೀವಿಸುವ ಸಂಸಾರಗಳಲ್ಲಿ, ಇವೆರಡೂ ಒಂದೇ ಹಗ್ಗದ ಎರಡು ಎಳೆಗಳಾಗಿವೆ. ಮನೆಯಲ್ಲಿ ಒಬ್ಬರು ಮಲಗಿದರೆ ಆ ದಿನದ ಸಂಪಾದನೆಯು ನಿಂತುಹೋಗುವುದಲ್ಲದೆ ಔಷಧಿಗೆ ಸಾಲವನ್ನೂ ಮಾಡಬೇಕಾಗುತ್ತದೆ. ಸಾಲದ ಕಂತು ಕಟ್ಟುವುದಕ್ಕಾಗಿ ಅಡಿಗೆಯ ಮನೆಯ ಖರ್ಚನ್ನು ಕಡಮೆ ಮಾಡುತ್ತಾರೆ. ಮೊದಲು ಹಾಲು, ಆಮೇಲೆ ಬೇಳೆ, ಬಳಿಕ ಸೊಪ್ಪು ತರಕಾರಿ ತಟ್ಟೆಯಿಂದ ಮರೆಯಾಗುತ್ತವೆ. ಹಾಗೆ ಮರೆಯಾಗುವುದೂ ಎಲ್ಲರಿಗಿಂತ ಕಡೆಯಲ್ಲಿ ಊಟಕ್ಕೆ ಕೂರುವ ತಾಯಿಯ ತಟ್ಟೆಯಿಂದಲೇ, ಹೆಣ್ಣುಮಕ್ಕಳ ತಟ್ಟೆಯಿಂದಲೇ. ಅಲ್ಲಿಗೆ ಇನ್ನೊಂದು ರೋಗಕ್ಕೆ ಬಾಗಿಲು ತೆರೆದಂತಾಯಿತು. ಕಿರುಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯುವುದಕ್ಕಾಗಿ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಗಿ ಬಂದುದನ್ನು ನೆನೆದರೆ, ಈ ವಿಷಯವು ಕೇವಲ ನೀತಿಪಾಠದ್ದಲ್ಲ, ಪ್ರಾಣಸಂಕಟದ್ದು ಎಂಬುದು ತಿಳಿಯುತ್ತದೆ.

ಸಾಧ್ಯವಾದ ಗುರಿ ಎಂದರೇನೆಂಬುದಕ್ಕೆ ನಮ್ಮ ಕನ್ನಡನಾಡಿನಲ್ಲಿಯೇ ಒಂದು ಉತ್ತಮವಾದ ನಿದರ್ಶನವಿದೆ. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವ, ವೈದ್ಯರಾದ ತೋನ್ಸೆ ಮಾಧವ ಅನಂತ ಪೈ ಎಂಬ ಮೂವರು ಸೇರಿ 8,000 ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕೈಮಗ್ಗದ ಉದ್ಯಮವು ಕುಸಿದು ಕಷ್ಟದಲ್ಲಿದ್ದ ಆ ಪ್ರಾಂತದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. ಆದರೆ ನೇಕಾರರು, ಬೆಸ್ತರು, ಮೀನು ಮಾರುವ ಹೆಂಗಸರು, ಚಿಕ್ಕ ಅಂಗಡಿಕಾರರು ಮೊದಲಾದವರ ಕೈಯಲ್ಲಿ ಬ್ಯಾಂಕಿಗೆ ತಂದು ಕಟ್ಟುವಷ್ಟು ದೊಡ್ಡ ಮೊತ್ತವು ಒಟ್ಟಿಗೆ ಎಂದೂ ಇರುತ್ತಿರಲಿಲ್ಲ. ಬೆಳಗ್ಗೆ ಸಂಪಾದಿಸಿದುದು ಸಂಜೆಗೆ ಖರ್ಚಾಗುತ್ತಿತ್ತು. “ಉಳಿತಾಯ ಮಾಡಿರಿ” ಎಂದು ಅಂಥವರಿಗೆ ಉಪದೇಶ ಮಾಡಿದ್ದರೆ ಫಲವೇನೂ ದೊರೆಯುತ್ತಿರಲಿಲ್ಲ.

ಆ ಸಂಸ್ಥೆಯು ಉಪದೇಶದ ಬದಲು ಒಂದು ಉಪಾಯವನ್ನು ಕಂಡುಹಿಡಿಯಿತು. 1928ರಲ್ಲಿ ಪಿಗ್ಮಿ ಠೇವಣಿ ಎಂಬ ಕ್ರಮವನ್ನು ಪ್ರಾರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತನ್ನ ಪ್ರತಿನಿಧಿಗಳ ಮೂಲಕ ಠೇವಣಿದಾರರ ಮನೆಯ ಬಾಗಿಲಿನಲ್ಲಿಯೇ ಸಂಗ್ರಹಿಸತೊಡಗಿತು. ಪಿಗ್ಮಿ ಎಂದರೆ ಗಿಡ್ಡ, ಅತಿ ಚಿಕ್ಕದು ಎಂದರ್ಥ. ಹದಿನಾರಾಣೆಗೆ ಒಂದು ರೂಪಾಯಿಯಾದ್ದರಿಂದ ದಿನಕ್ಕೆ ಎರಡಾಣೆಯಂತೆ ಮೂವತ್ತು ದಿವಸಗಳಿಗೆ 3 ರೂಪಾಯಿ 12 ಆಣೆಗಳಾಗುತ್ತಿದ್ದುವು; ಒಂದು ದಿನವೂ ತಪ್ಪದಿದ್ದರೆ ವರ್ಷಕ್ಕೆ 45 ರೂಪಾಯಿ 10 ಆಣೆಗಳು. ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಹನಿಯು ಆರಿಹೋಗುವುದಕ್ಕೆ ಮುಂಚೆ ಅದನ್ನು ಹಿಡಿಯುವ ಪಾತ್ರೆಯನ್ನು ಮನೆಬಾಗಿಲಿಗೆ ತಂದಿಟ್ಟುದೇ ಇಲ್ಲಿಯ ವಿಶೇಷ. ಆ ಸಂಸ್ಥೆಯು 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ಪಡೆದು, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೂ ಅದು ಹುಟ್ಟುಹಾಕಿದ ಪದ್ಧತಿಯು ಮಾತ್ರ ಅಳಿಯಲಿಲ್ಲ. ಇಂದಿಗೂ ಕರ್ನಾಟಕದ ಪೇಟೆಬೀದಿಗಳಲ್ಲಿ ಹೂವಿನವರೂ ಹಣ್ಣಿನವರೂ “ಪಿಗ್ಮಿ ಕಟ್ಟಿದೆ” ಎಂದು ಸಹಜವಾಗಿ ಹೇಳುತ್ತಾರೆ.

ಈ ವೃತ್ತಾಂತದಿಂದ ನಾವು ಗ್ರಹಿಸಬೇಕಾದ ಅಂಶಗಳು ನಾಲ್ಕು. ಮೊದಲನೆಯದಾಗಿ, ಗುರಿಯ ಪ್ರಮಾಣವು ಅತಿ ಕಷ್ಟದ ದಿನದಲ್ಲಿಯೂ ಮಾಡಬಹುದಾದಷ್ಟು ಚಿಕ್ಕದಾಗಿತ್ತು. ಒಳ್ಳೆಯ ದಿನದ ಉತ್ಸಾಹದಲ್ಲಿ ಗುರಿಯನ್ನು ಅಳೆಯುವುದು ನಮ್ಮ ಸಾಮಾನ್ಯವಾದ ದೋಷ. ಅಳೆಯಬೇಕಾದುದು ಕೆಟ್ಟ ದಿನದ ಅಳತೆಗೋಲಿನಿಂದ. ಎರಡನೆಯದಾಗಿ, ಸಂಪಾದನೆಯು ದಿನದಿನವೂ ಬರುತ್ತಿದ್ದುದರಿಂದ ಉಳಿತಾಯವೂ ದಿನದಿನದ್ದಾಗಿತ್ತು. ಅಂದರೆ ಗುರಿಯು ಜೀವನದ ನಡೆಗೆ ಹೊಂದಿಕೊಂಡಿತ್ತೇ ಹೊರತು ಜೀವನವು ಗುರಿಗೆ ಹೊಂದಿಕೊಳ್ಳಬೇಕೆಂಬ ನಿರ್ಬಂಧವಿರಲಿಲ್ಲ. ಮೂರನೆಯದಾಗಿ, ಅದನ್ನು ನೆನಪಿಸುವುದಕ್ಕೆ ಒಬ್ಬ ಮನುಷ್ಯನು ಗೊತ್ತಾದ ಹೊತ್ತಿಗೆ ಬಾಗಿಲಿಗೆ ಬರುತ್ತಿದ್ದನು. ನಾಲ್ಕನೆಯದಾಗಿ, ಕಟ್ಟಿದ ಪ್ರತಿಯೊಂದು ಆಣೆಯೂ ಲೆಕ್ಕಕ್ಕೆ ಏರುತ್ತಿತ್ತು. ಒಂದು ದಿನ ತಪ್ಪಿದರೂ ಹಿಂದೆ ಕೂಡಿಟ್ಟುದು ಅಳಿಸಿಹೋಗುತ್ತಿರಲಿಲ್ಲ. ಚಿಕ್ಕ ಪ್ರಮಾಣ, ಹೊಂದಿಕೆ, ನೆನಪಿಸುವವರು, ಲೆಕ್ಕ: ಈ ನಾಲ್ಕೂ ಸೇರಿದಲ್ಲಿ ಮನೋದಾರ್ಢ್ಯವು ಸಾಧಾರಣವಾಗಿದ್ದರೂ ಕೆಲಸವು ನಡೆಯುತ್ತದೆ.

ಮೇಲೆ ಹೇಳಿದ ಮೂವರಲ್ಲಿ ಒಬ್ಬರು ವೈದ್ಯರಾಗಿದ್ದರೆಂಬುದನ್ನು ವಾಚಕಿಯರು ಗಮನಿಸಿರಬಹುದು. ಅವರೇ ಮುಂದೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಡಾಕ್ಟರ್ ಟಿ. ಎಂ. ಎ. ಪೈ ಅವರು. ಹಣದ ವಿಷಯದಲ್ಲಿ ಸಫಲವಾದ ಕ್ರಮವು ಶರೀರದ ವಿಷಯದಲ್ಲಿಯೂ ಸಲ್ಲುತ್ತದೆಯೇ ಎಂಬುದನ್ನು ಈಗ ನೋಡೋಣ. ಇದಕ್ಕಾಗಿ ಉಡುಪಿಯವರೆಗೆ ಹೋಗಬೇಕಾದುದಿಲ್ಲ. ನಮ್ಮ ನೆರೆಯ ಮಂಡಿ ಮೊಹಲ್ಲಕ್ಕೆ ಹೋದರೆ ಸಾಕು.

ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಿಂದ ಮೈಸೂರಿನಲ್ಲಿ ಸೇವೆ ಸಲ್ಲಿಸುತ್ತ ಬಂದಿದೆ. ಅಲ್ಲಿಯ ಹೆರಿಗೆಯ ವಾರ್ಡಿನಲ್ಲಿ 1934ರಿಂದ ಹಲವು ದಶಕಗಳ ಕಾಲ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಮುಂತಾದುವನ್ನು ದಾಖಲೆಯ ಪುಸ್ತಕಗಳಲ್ಲಿ ಬರೆದಿಡಲಾಗಿತ್ತು. ಶಿಶುವನ್ನು ತಕ್ಕಡಿಯಲ್ಲಿಟ್ಟು ಅಂಕಿಯನ್ನು ಗುರುತು ಹಾಕಿಕೊಳ್ಳುವುದು ಒಂದೆರಡು ನಿಮಿಷಗಳ ಕೆಲಸ. ಬರೆದ ದಾದಿಯರಿಗೆ ಅದರಿಂದ ಮುಂದೊಂದು ಕಾಲಕ್ಕೆ ಏನು ತಿಳಿದುಬರುವುದೆಂಬ ಕಲ್ಪನೆಯೂ ಇದ್ದಿರಲಾರದು. ಆದರೆ ಆ ಚಿಕ್ಕ ಕೆಲಸವು ವರ್ಷಗಟ್ಟಲೆ ಬಿಡದೆ ನಡೆದುದರಿಂದ ವೈದ್ಯಶಾಸ್ತ್ರಕ್ಕೆ ಅಪೂರ್ವವಾದ ನಿಧಿಯೊಂದು ಲಭಿಸಿತು.

1990ರ ದಶಕದಲ್ಲಿ ಇಲ್ಲಿಯ ವೈದ್ಯರೂ ಇಂಗ್ಲೆಂಡಿನ ವಿದ್ವಾಂಸರೂ ಸೇರಿ, 1934ರಿಂದ 1954ರವರೆಗೆ ಈ ಆಸ್ಪತ್ರೆಯಲ್ಲಿ ಜನಿಸಿ ಇನ್ನೂ ಸಮೀಪದಲ್ಲಿಯೇ ವಾಸವಾಗಿದ್ದ 517 ಮಂದಿ ಸ್ತ್ರೀಪುರುಷರನ್ನು ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು, 3.1 ಕಿಲೋಗ್ರಾಮಿಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಶಿಶುವಿನ ತೂಕವೂ ಕಡಮೆಯಾಗಿದ್ದು, ಗರ್ಭಿಣಿಯಾಗಿದ್ದಾಗ ತಾಯಿಯ ತೂಕವು 45 ಕಿಲೋಗ್ರಾಮಿಗಿಂತ ಕೆಳಗಿದ್ದವರಲ್ಲಿ ಈ ಪ್ರಮಾಣವು ನೂರಕ್ಕೆ 20ರವರೆಗೆ ಏರಿತ್ತು. 1996ರಲ್ಲಿ ಪ್ರಕಟವಾದ ಈ ಫಲಿತಾಂಶವು ಲೋಕದ ವೈದ್ಯರ ಗಮನವನ್ನು ಸೆಳೆಯಿತು. ಆ ಬಳಿಕ 1997ನೆಯ ಇಸವಿಯಿಂದ ಇದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಅನೇಕ ವರ್ಷಗಳವರೆಗೆ ಅನುಸರಿಸಿ ನೋಡಿದ ಪಾರ್ಥೆನಾನ್ ಎಂಬ ಅಧ್ಯಯನವೂ ನಡೆಯಿತು.

ಈ ಅಂಕಿಗಳನ್ನು ಓದಿ ಯಾರೂ ಭಯಪಡತಕ್ಕದ್ದಿಲ್ಲ. ಇವು ಬಹುಜನರಲ್ಲಿ ಕಂಡುಬಂದ ಒಲವನ್ನು ಹೇಳುತ್ತವೆಯೇ ಹೊರತು ಯಾವಳೊಬ್ಬಳ ಹಣೆಯ ಬರಹವನ್ನೂ ಹೇಳುವುದಿಲ್ಲ. ಸಣ್ಣ ಶಿಶುವಾಗಿ ಹುಟ್ಟಿದವರಲ್ಲಿಯೂ ಹೆಚ್ಚಿನವರು ಆ ರೋಗವಿಲ್ಲದೆಯೇ ಇದ್ದರು. ತಾಯಂದಿರನ್ನು ದೂಷಿಸುವುದಕ್ಕೂ ಇಲ್ಲಿ ಎಡೆಯಿಲ್ಲ. ಅವರ ತಟ್ಟೆಯಲ್ಲಿ ಏನು ಬೀಳುತ್ತಿತ್ತೆಂಬುದು ಅವರೊಬ್ಬರ ಕೈಯಲ್ಲಿರಲಿಲ್ಲ. ಆದರೆ ಒಂದು ಮಾತನ್ನು ಇವು ಸ್ಪಷ್ಟಪಡಿಸುತ್ತವೆ. ಶರೀರವೂ ಒಂದು ಬಗೆಯ ಠೇವಣಿಯೇ. ಅದರ ಮೊದಲನೆಯ ಕಂತುಗಳನ್ನು ನಾವು ಹುಟ್ಟುವುದಕ್ಕೆ ಮುಂಚೆಯೇ ಇನ್ನೊಬ್ಬರು ನಮಗಾಗಿ ಕಟ್ಟಿರುತ್ತಾರೆ. ಹನ್ನೆರಡರಿಂದ ಹದಿನೆಂಟರವರೆಗಿನ ವಯಸ್ಸಿನಲ್ಲಿ ಮುಂದಿನ ಕಂತುಗಳನ್ನು ಕಟ್ಟುವ ಭಾರವು ನಮ್ಮ ಮೇಲೆ ಬೀಳುತ್ತದೆ. ಆ ವರ್ಷಗಳಲ್ಲಿ ಬಾಲಕಿಯು ತಿಂದ ಅನ್ನ, ನಡೆದ ನಡಿಗೆ, ಮಲಗಿದ ನಿದ್ರೆ ಇವು ಕೇವಲ ಆ ವರ್ಷದ ಖರ್ಚಲ್ಲ. ಮುಂದಿನ ನಲವತ್ತು ವರ್ಷಗಳ ಮೂಲಧನ.

ಹಾಗಾದರೆ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಆರೋಗ್ಯದ ವಿಷಯದಲ್ಲಿ ಯಾವ ಗುರಿಯನ್ನಿಟ್ಟುಕೊಳ್ಳಬಹುದು? ಮೊದಲು ರಕ್ತದ ವಿಷಯವನ್ನು ತೆಗೆದುಕೊಳ್ಳೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಹನ್ನೆರಡು ವರ್ಷ ತುಂಬಿದ ಹುಡುಗಿಯ ರಕ್ತದ ಪ್ರತಿ ಡೆಸಿಲೀಟರಿನಲ್ಲಿ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಅದಕ್ಕಿಂತ ಕಡಮೆಯಾದರೆ ರಕ್ತಹೀನತೆಯೆಂದು ಎಣಿಸುತ್ತಾರೆ. ಬೆಳವಣಿಗೆಯ ಕಾಲದಲ್ಲಿ ಶರೀರಕ್ಕೆ ಕಬ್ಬಿಣದ ಅಂಶವು ಹೆಚ್ಚಾಗಿ ಬೇಕಾಗುತ್ತದೆ. ಮಾಸಿಕ ಋತುಸ್ರಾವದಿಂದ ಅದು ನಷ್ಟವೂ ಆಗುತ್ತದೆ. ಮೆಟ್ಟಲು ಹತ್ತಿದರೆ ಏದುಸಿರು, ಪಾಠದ ವೇಳೆಯಲ್ಲಿ ತೂಕಡಿಕೆ, ಏನನ್ನು ಮಾಡಿದರೂ ಆಯಾಸ ಇವನ್ನು ಅನೇಕರು ಸೋಮಾರಿತನವೆಂದು ಬೈಯುತ್ತಾರೆ; ಹಲವು ವೇಳೆ ಅದು ಸೋಮಾರಿತನವಲ್ಲ, ರಕ್ತದ ಕೊರತೆ. ಆದುದರಿಂದ “ನಾನು ಚೆನ್ನಾಗಿ ಆರೋಗ್ಯದಿಂದಿರುವೆನು” ಎಂಬ ವಿಸ್ತಾರವಾದ ಸಂಕಲ್ಪಕ್ಕಿಂತ “ಈ ತಿಂಗಳಲ್ಲಿ ಒಮ್ಮೆ ರಕ್ತವನ್ನು ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳುವೆನು” ಎಂಬುದು ಉತ್ತಮವಾದ ಗುರಿ. ಅದಕ್ಕೆ ಆರಂಭವಿದೆ, ಅಂತ್ಯವಿದೆ, ಅಳತೆಯಿದೆ.

ಅಂಕಿಯು ಕಡಮೆಯಾಗಿದ್ದರೆ ವೈದ್ಯರ ಸಲಹೆಯಂತೆ ಔಷಧಿಯನ್ನು ಸೇವಿಸತಕ್ಕದ್ದು. ಇದಲ್ಲದೆ ಅಡಿಗೆಯ ಮನೆಯಲ್ಲಿಯೇ ಮಾಡಬಹುದಾದ ಚಿಕ್ಕ ಕೆಲಸಗಳು ಹಲವಿವೆ. ವಾರದಲ್ಲಿ ಮೂರು ದಿವಸ ದಂಟು, ನುಗ್ಗೆ ಮುಂತಾದ ಯಾವುದಾದರೂ ಸೊಪ್ಪಿನ ಸಾರು ಅಥವಾ ಪಲ್ಯ. ಹುರುಳಿ, ಅಲಸಂದೆ, ಕಡಲೆ ಇವುಗಳಲ್ಲಿ ಒಂದರ ಉಸಲಿ. ಮಾಂಸಾಹಾರಿಗಳಾದರೆ ಆಗಾಗ್ಗೆ ಮೀನು, ಮಾಂಸ. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವು ಶರೀರಕ್ಕೆ ಸುಲಭವಾಗಿ ಹತ್ತುವುದಿಲ್ಲ. ಊಟದೊಂದಿಗೆ ನಿಂಬೆಯ ಹುಳಿಯನ್ನೋ ನೆಲ್ಲಿಕಾಯಿಯನ್ನೋ ಸೇವಿಸಿದರೆ ಅದು ಹೆಚ್ಚಾಗಿ ಹೀರಲ್ಪಡುತ್ತದೆ. ಅದಕ್ಕೆ ವಿರುದ್ಧವಾಗಿ, ಊಟವಾದ ಕೂಡಲೇ ಕಾಫಿಯನ್ನೋ ಚಹವನ್ನೋ ಕುಡಿದರೆ ಹೀರುವಿಕೆಯು ತಗ್ಗುತ್ತದೆ. ಮೈಸೂರಿನವರಿಗೆ ಕಾಫಿಯನ್ನು ಬಿಡಿರೆಂದು ಹೇಳುವುದು ಅಸಾಧ್ಯವಾದ ಗುರಿಯೇ ಸರಿ. ಆದರೆ ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯ ಅಂತರವನ್ನಿಡಿರೆಂಬುದು ಸಾಧ್ಯವಾದ ಗುರಿ. ಒಂದು ಕಾಸೂ ಹೆಚ್ಚಿಗೆ ಖರ್ಚಾಗದ ಗುರಿಯೂ ಹೌದು.

ವ್ಯಾಯಾಮದ ವಿಷಯದಲ್ಲಿಯೂ ಹೀಗೆಯೇ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷಗಳಷ್ಟು ಮೈಬೆವರುವ ಚಟುವಟಿಕೆಯನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಲೇಸು, ಸ್ವಲ್ಪದಿಂದ ಪ್ರಾರಂಭಿಸಿ ಕ್ರಮವಾಗಿ ಹೆಚ್ಚಿಸಿಕೊಳ್ಳಬೇಕು ಎಂದೂ ಅದೇ ಸಂಸ್ಥೆಯ ಅಭಿಪ್ರಾಯ. ಇದುವರೆಗೆ ಏನನ್ನೂ ಮಾಡದವಳು ನಾಳೆಯಿಂದಲೇ ಅರವತ್ತು ನಿಮಿಷಗಳೆಂದು ಹೊರಟರೆ ಮೂರನೆಯ ದಿನ ಕಾಲು ನೋವೆಂದು ಮಲಗುವಳು. ಅದರ ಬದಲಾಗಿ, ಶಾಲೆಗೆ ಬರುವಾಗ ಒಂದು ನಿಲ್ದಾಣದಷ್ಟು ಮುಂಚೆ ಬಸ್ಸಿನಿಂದಿಳಿದು ನಡೆಯಲಿ. ಅಥವಾ ಸಂಜೆ ಗೆಳತಿಯೊಡನೆ, ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳನ್ನು ಗುರುತಾಗಿಟ್ಟುಕೊಂಡು, ಅಲ್ಲಿಯವರೆಗೆ ಬಿರುಸಾಗಿ ಹೋಗಿ ಹಿಂದಿರುಗಲಿ. ಗೆಳತಿಯು ಬಾಗಿಲಲ್ಲಿ ಬಂದು ನಿಂತರೆ ಹೋಗದಿರಲು ಮನಸ್ಸು ಬಾರದು. ಪಿಗ್ಮಿಯ ಸಂಗ್ರಾಹಕನು ಹಣದ ವಿಷಯದಲ್ಲಿ ಮಾಡಿದ ಕೆಲಸವನ್ನು ಆಕೆಯು ಆರೋಗ್ಯದ ವಿಷಯದಲ್ಲಿ ಮಾಡುತ್ತಾಳೆ.

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿರಲಾಗದು. ಇಂದು ಅನೇಕ ಹೆಣ್ಣುಮಕ್ಕಳು ಚಿತ್ರಗಳಲ್ಲಿ ಕಂಡ ರೂಪಕ್ಕೆ ಮರುಳಾಗಿ “ಒಂದು ತಿಂಗಳಲ್ಲಿ ಇಷ್ಟು ಕಿಲೋ ಇಳಿಸುವೆನು” ಎಂದು ಬೆಳಗಿನ ತಿಂಡಿಯನ್ನೇ ಬಿಡುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಊಟ ಬಿಡುವುದು ಗುರಿಯಲ್ಲ. ಮೂಲಧನವನ್ನೇ ಮುರಿದು ತಿನ್ನುವ ಕೆಲಸ. ತೂಕವು ನಮ್ಮ ಅಧೀನದಲ್ಲಿ ನೇರವಾಗಿ ಇಲ್ಲ; ತಿನ್ನುವುದು, ನಡೆಯುವುದು, ಮಲಗುವುದು ಇವು ಮಾತ್ರ ನಮ್ಮ ಅಧೀನದಲ್ಲಿವೆ. ಆದುದರಿಂದ ಫಲವನ್ನು ಗುರಿಯಾಗಿಟ್ಟುಕೊಳ್ಳದೆ ಕೆಲಸವನ್ನು ಗುರಿಯಾಗಿಟ್ಟುಕೊಳ್ಳುವುದು ವಿವೇಕ. ತೂಕದ ವಿಷಯದಲ್ಲಿ ನಿಜವಾಗಿಯೂ ಸಂದೇಹವಿದ್ದರೆ ವೈದ್ಯರನ್ನು ಕೇಳಬೇಕೇ ಹೊರತು ಕನ್ನಡಿಯನ್ನಲ್ಲ.

ಇನ್ನು ಹಣದ ವಿಷಯಕ್ಕೆ ಮರಳೋಣ. “ನನಗೆ ಸಂಪಾದನೆಯೇ ಇಲ್ಲವಲ್ಲ, ಗುರಿಯೇತಕ್ಕೆ?” ಎಂದು ವಿದ್ಯಾರ್ಥಿನಿಯು ಕೇಳಬಹುದು. ಮೊದಲನೆಯ ಗುರಿಗೆ ಹಣವೇ ಬೇಕಾಗಿಲ್ಲ. ಒಂದು ಪುಸ್ತಕ, ಒಂದು ಪೆನ್ಸಿಲು ಸಾಕು. ಒಂದು ತಿಂಗಳ ಪರ್ಯಂತ ತನ್ನ ಕೈಯಿಂದ ಹೋದುದನ್ನೆಲ್ಲ ರಾತ್ರಿ ಮಲಗುವ ಮುನ್ನ ಬರೆದಿಡಲಿ. ಈಗಿನ ಕಾಲದಲ್ಲಿ ಕೈಫೋನನ್ನು ಒತ್ತಿದರೆ ಹಣವು ಹೋಗುತ್ತದೆ. ನಾಣ್ಯವು ಕೈಬಿಟ್ಟು ಹೋಗುವಾಗ ಆಗುತ್ತಿದ್ದ ಅನುಭವವು ಆಗ ಆಗುವುದಿಲ್ಲ. ಆದಕಾರಣ ಬರೆದಿಡುವುದು ಹಿಂದಿಗಿಂತಲೂ ಈಗ ಹೆಚ್ಚು ಅವಶ್ಯಕ. ಈ ಮೊದಲ ತಿಂಗಳಲ್ಲಿ ಖರ್ಚನ್ನು ಕಡಮೆ ಮಾಡುವ ಯತ್ನವೂ ಬೇಡ. ಅಳತೆ ತೆಗೆಯುವ ಹೊತ್ತಿನಲ್ಲಿ ಕತ್ತರಿಯನ್ನು ಕೈಗೆ ತೆಗೆದುಕೊಳ್ಳಬಾರದು.

ಎರಡನೆಯ ತಿಂಗಳಲ್ಲಿ ಉಳಿಸಬಹುದಾದುದು ಎಷ್ಟೆಂಬುದು ತಾನೇ ಗೋಚರಿಸುತ್ತದೆ. ದಿನಕ್ಕೆ ಐದು ರೂಪಾಯಿಯಂತೆ ಇಟ್ಟುಕೊಳ್ಳೋಣ. ತಿಂಗಳಿಗೆ 150, ವರ್ಷಕ್ಕೆ 1,825, ಪ್ರೌಢಶಾಲೆಯ ಮೂರು ವರ್ಷಗಳಲ್ಲಿ 5,475 ರೂಪಾಯಿಗಳು. ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜಿಗೆ ಅರ್ಜಿ ಹಾಕುವ ದಿನ, ಪುಸ್ತಕಗಳಿಗಾಗಲಿ ಶುಲ್ಕದ ಒಂದು ಭಾಗಕ್ಕಾಗಲಿ ತಾನೇ ಕೂಡಿಟ್ಟ ಹಣವನ್ನು ತಂದೆಯ ಕೈಯಲ್ಲಿಡಬಲ್ಲ ಮಗಳ ಮಾತಿಗೆ ಮನೆಯಲ್ಲಿ ತೂಕವು ಹೆಚ್ಚು. “ಮುಂದೆ ಓದಿಸಬೇಕೋ ಬೇಡವೋ” ಎಂಬ ಚರ್ಚೆಯು ನಡೆಯುವ ಮನೆಗಳಲ್ಲಿ ಈ ಅಲ್ಪಮೊತ್ತವು ಅಲ್ಪವೆನಿಸುವುದಿಲ್ಲ. ಹತ್ತು ವರ್ಷ ತುಂಬಿದ ಬಾಲಕಿಯು ಬ್ಯಾಂಕಿನ ನಿಯಮಗಳಿಗೆ ಒಳಪಟ್ಟು ತನ್ನ ಹೆಸರಿನಲ್ಲಿ ಉಳಿತಾಯದ ಖಾತೆಯನ್ನು ತೆರೆದು ತಾನೇ ನಡೆಸಬಹುದು. ಮನೆಯಲ್ಲಿ ಹತ್ತು ವರ್ಷ ತುಂಬದ ತಂಗಿಯಿದ್ದರೆ, 2015ರಲ್ಲಿ ಪ್ರಾರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಅವಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ತಂದೆತಾಯಿಗಳು ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿಗಳಂತೆ ಹದಿನೈದು ವರ್ಷ ಕಟ್ಟಿದರೆ, ತೆರೆದ ದಿನದಿಂದ ಇಪ್ಪತ್ತೊಂದು ವರ್ಷಗಳಿಗೆ ಅದು ಪಕ್ವವಾಗುತ್ತದೆ.

ಶಾಲೆಯನ್ನು ಬಿಟ್ಟು ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಗುರಿಗಳ ಕ್ರಮವು ಸ್ವಲ್ಪ ಬೇರೆ. ಸಾಲವಿರುವವರು ಮೊದಲು ಹೆಚ್ಚು ಬಡ್ಡಿಯ ಸಾಲವನ್ನು ತೀರಿಸತಕ್ಕದ್ದು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯೆಂದರೆ ಕೇಳುವುದಕ್ಕೆ ಅಲ್ಪವಾಗಿ ತೋರುತ್ತದೆ. ವರ್ಷಕ್ಕೆ ಅದು ನೂರಕ್ಕೆ 36 ಆಯಿತು. ಹತ್ತು ಸಾವಿರ ರೂಪಾಯಿಗಳ ಅಂತಹ ಸಾಲಕ್ಕೆ ವರ್ಷಕ್ಕೆ 3,600 ರೂಪಾಯಿಗಳ ಬಡ್ಡಿಯನ್ನು ತೆರುತ್ತ, ಇನ್ನೊಂದೆಡೆಯಲ್ಲಿ ಅಷ್ಟೇ ಹಣವನ್ನು ನೂರಕ್ಕೆ 4ರ ಬಡ್ಡಿಗೆ ಇಟ್ಟು 400 ರೂಪಾಯಿಗಳನ್ನು ಪಡೆದರೆ, ಉಳಿತಾಯ ಮಾಡಿದೆನೆಂಬ ತೃಪ್ತಿಗೆ 3,200 ರೂಪಾಯಿಗಳ ಬೆಲೆ ಕೊಟ್ಟಂತಾಯಿತು. ಆಮೇಲೆ ಆಪತ್ಕಾಲದ ನಿಧಿ. ಆರು ತಿಂಗಳ ಖರ್ಚನ್ನು ಕೂಡಿಡಿರೆಂದು ಪುಸ್ತಕಗಳು ಹೇಳುತ್ತವೆ. ಸಂಬಳವು ಚಿಕ್ಕದಾದವರಿಗೆ ಅದನ್ನು ಕೇಳಿದೊಡನೆಯೇ ಕೈಕಾಲು ತಣ್ಣಗಾಗುವುದು ಸಹಜ. ಮೊದಲು ಒಂದು ವಾರದ ಖರ್ಚು, ಅನಂತರ ಒಂದು ತಿಂಗಳಿನದು ಎಂದು ಮೆಟ್ಟಲು ಮೆಟ್ಟಲಾಗಿ ಏರಲಿ. ಒಂದು ವಾರದ ಖರ್ಚು ಕೈಯಲ್ಲಿದ್ದರೂ, ಮಗುವಿಗೆ ಜ್ವರ ಬಂದ ರಾತ್ರಿ ಬಡ್ಡಿಯವನ ಬಾಗಿಲನ್ನು ತಟ್ಟುವುದು ತಪ್ಪುತ್ತದೆ.

ಹಣವನ್ನು ಎಲ್ಲಿ ಇಡುತ್ತೇವೆಂಬುದೂ ಗುರಿಯ ಒಂದು ಭಾಗ. ಬ್ಯಾಂಕುಗಳಲ್ಲಿಯೂ ಸಹಕಾರಿ ಬ್ಯಾಂಕುಗಳಲ್ಲಿಯೂ ಇಟ್ಟ ಠೇವಣಿಗೆ, ಪ್ರತಿಯೊಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯನ್ನು 2020ರಲ್ಲಿ ಕಲ್ಪಿಸಲಾಯಿತು. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಗಳಿಗೂ ಖಾಸಗಿ ಚೀಟಿಗಳಿಗೂ ಈ ರಕ್ಷಣೆಯಿಲ್ಲ. ನೆರೆಹೊರೆಯವರು ಕಟ್ಟುವರೆಂಬ ಒಂದೇ ಕಾರಣದಿಂದ ತಾನೂ ಕಟ್ಟಕೂಡದು; ರಸೀತಿಯನ್ನೂ ಪಾಸ್ ಪುಸ್ತಕದ ನಮೂದನ್ನೂ ಆಗಾಗಲೇ ನೋಡಿಕೊಳ್ಳತಕ್ಕದ್ದು. ಅತಿಶಯವಾದ ಲಾಭವನ್ನು ತೋರಿಸುವವರ ಬಳಿಗೆ ಎರಡಾಣೆಯನ್ನೂ ಒಯ್ಯಬಾರದು.

ಎಷ್ಟು ಅಳೆದು ಕತ್ತರಿಸಿದರೂ ಕೆಲವು ದಿನಗಳು ತಪ್ಪುತ್ತವೆ. ಪರೀಕ್ಷೆ, ಹಬ್ಬ, ಮದುವೆ, ಜ್ವರ, ಮಳೆ ಇವು ಬಂದೇ ಬರುತ್ತವೆ. ಆದುದರಿಂದ ವಾರಕ್ಕೆ ಏಳು ದಿನಗಳೆಂದು ಬರೆದುಕೊಳ್ಳುವ ಬದಲು ಐದು ದಿನಗಳೆಂದು ಬರೆದುಕೊಳ್ಳುವುದು ಲೇಸು. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸರಿತೂಗಿಸುವ ಹಟವೂ ಬೇಡ. ಎಂದಿನ ಪ್ರಮಾಣವನ್ನೇ ಮುಂದುವರಿಸಿದರೆ ಸಾಕು. ತಿಂಗಳಿಗೊಮ್ಮೆ ಕುಳಿತು ನೋಡಿದಾಗ ಗುರಿಯು ಪದೇಪದೇ ತಪ್ಪಿರುವುದು ಕಂಡುಬಂದರೆ ಅದನ್ನು ಅರ್ಧಕ್ಕಿಳಿಸಲಿ. ಮೂರು ತಿಂಗಳು ಒಂದು ದಿನವೂ ಭಾರವೆನಿಸದೆ ನಡೆದರೆ ಸ್ವಲ್ಪ ಏರಿಸಲಿ. ಒಂದೇ ವೇಳೆಯಲ್ಲಿ ಆರೋಗ್ಯದ್ದೊಂದು, ಹಣದ್ದೊಂದು, ಹೀಗೆ ಎರಡಕ್ಕಿಂತ ಹೆಚ್ಚು ಗುರಿಗಳನ್ನು ಹೊರಬಾರದು.

ಕೊನೆಯದಾಗಿ, ಯಾವುದು ಒಬ್ಬಳ ಗುರಿಯಾಗಬಲ್ಲದು, ಯಾವುದು ಆಗಲಾರದು ಎಂಬ ವಿವೇಚನೆಯೂ ಬೇಕು. 1898ರಲ್ಲಿ ಮೈಸೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಾದ ಓಣಿಗಳಲ್ಲಿದ್ದ ಸಂಸಾರಗಳು ತಮ್ಮ ಮನೆಯನ್ನು ಎಷ್ಟು ಗುಡಿಸಿ ಸಾರಿಸಿದರೂ ಅದೊಂದರಿಂದಲೇ ರೋಗವು ತೊಲಗುವಂತಿರಲಿಲ್ಲ. 1903ರಲ್ಲಿ ನಗರ ಅಭಿವೃದ್ಧಿಯ ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿ, ಗಾಳಿ ಬೆಳಕುಗಳುಳ್ಳ ಹೊಸ ಬಡಾವಣೆಗಳನ್ನೂ ಅಗಲವಾದ ರಸ್ತೆಗಳನ್ನೂ ಚರಂಡಿಗಳನ್ನೂ ನಿರ್ಮಿಸುವ ಕಾರ್ಯವನ್ನು ಊರು ಒಟ್ಟಾಗಿ ಕೈಕೊಳ್ಳಬೇಕಾಯಿತು. ಇಂದಿಗೂ ಶುದ್ಧವಾದ ನೀರು, ಮೋರಿಯ ವ್ಯವಸ್ಥೆ, ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯಬಲ್ಲ ಬೀದಿ, ನ್ಯಾಯವಾದ ಕೂಲಿ ಇವು ಯಾವಳೊಬ್ಬಳ ಮನೋದಾರ್ಢ್ಯದಿಂದಲೂ ದೊರೆಯತಕ್ಕವಲ್ಲ. ಇವು ಪೌರರೆಲ್ಲರ ಗುರಿಗಳು. ಇವುಗಳ ಕೊರತೆಯಿಂದಾದ ಕಷ್ಟಕ್ಕೆ ತನ್ನನ್ನೇ ದೂಷಿಸಿಕೊಳ್ಳುವುದು ಅನ್ಯಾಯ. ಆದರೆ ಅವು ಬರುವವರೆಗೆ ಕೈಕಟ್ಟಿ ಕೂರುವುದೂ ಸರಿಯಲ್ಲ.

ಆದುದರಿಂದ, ಪ್ರಿಯ ಸೋದರಿಯರೇ, ಈ ಸಂಚಿಕೆಯನ್ನು ಮುಚ್ಚಿಟ್ಟ ಮೇಲೆ ದೊಡ್ಡ ಪ್ರತಿಜ್ಞೆಯೇನನ್ನೂ ಮಾಡಬೇಡಿರಿ. ಒಂದು ಹಾಳೆಯನ್ನು ತೆಗೆದುಕೊಂಡು ಎರಡು ಸಾಲುಗಳನ್ನು ಬರೆಯಿರಿ: ಶರೀರಕ್ಕಾಗಿ ಇದೊಂದು, ಹಣಕ್ಕಾಗಿ ಇದೊಂದು. ಅದರ ಪಕ್ಕದಲ್ಲಿ ಎಷ್ಟು, ಎಂದು, ಯಾರು ನೆನಪಿಸುವರು ಎಂಬ ಮೂರು ಮಾತುಗಳಿರಲಿ. ತಾಯಿಗೋ ಅಕ್ಕನಿಗೋ ಗೆಳತಿಗೋ ಅದನ್ನು ಓದಿ ಹೇಳಿರಿ. ಜ್ವರದಿಂದ ಎದ್ದ ಮರುದಿನವೂ ಕೈಯಲ್ಲಿ ಕಾಸಿಲ್ಲದ ವಾರದಲ್ಲಿಯೂ ಅದನ್ನು ಮಾಡಲಾದೀತೇ ಎಂದು ಅವರೊಡನೆ ಕೂಡಿ ವಿಚಾರಮಾಡಿ, ಆಗದೆಂದು ತೋರಿದರೆ ಇನ್ನೂ ಸ್ವಲ್ಪ ಚಿಕ್ಕದಾಗಿ ಕತ್ತರಿಸಿರಿ.